ಗುಪ್ತ

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯಲ್ಲಿ ಯಾರ ಕಣ್ಣಲ್ಲಿ ನೀರು ಕಂಡರೂ ಯಾಕೆಂದು ಯಾರೂ ಕೇಳುವುದಿಲ್ಲ. ಮೆಣಸಿನಕಾಯಿ ಘಾಟು, ಅಷ್ಟೆ. ಮದುವೆಯಾಗಿ ಈ ಊರಿನಲ್ಲಿ ಮನೆ ಹೂಡಿದ ಮೇಲೆ ಅಲ್ಲಾವುದ್ದೀನನಿಗೆ ಇಲ್ಲಿ ಹಿಡಿಸಿದ್ದು ಇದೊಂದೇ ಸಂಗತಿ. ಆ ಬೆಳಗ್ಗೆ ಅವನು ಹಿತ್ತಲಿನ ಕಲ್ಲಿನ ಮೇಲೆ ಕುಳಿತು, ಕಿಟಕಿಗೆ ಒರಗಿಸಿದ ಕನ್ನಡಿಯಲ್ಲಿ ಇಣುಕುತ್ತ ಗಡ್ಡ ಹೆರೆದುಕೊಳ್ಳುತ್ತಿದ್ದ. ಹೆಂಡತಿ ರಹಿಮತಬಿ ಒಗೆದ ಬಟ್ಟೆ ಹಿಂಡುತ್ತ, ಇವನ ಕಡೆ ನೋಡದೆ, ಮೇಡ್ಲೇರಿ ಹುಡುಗಿಯ ಸಂಬಂಧ ಮುರಿಯಿತಂತೆ ಎಂದಳು. ಯಾವ ಹುಡುಗಿ ಎಂದು ಕೇಳಿದ. ಕೇಳುವಾಗಲೇ ತನ್ನ ದನಿಯಲ್ಲಿನ ಸುಳ್ಳು ಅವನಿಗೇ ಕೇಳಿಸಿತು. ಅದೇ, ಬೀಜದ ಕಂಪನಿಯ ಹೊಲದಲ್ಲಿ ಕೆಲಸ ಮಾಡುವ ಕುಲ್ಸುಮಬಿ, ನಿಮ್ಮ ಆಫೀಸಿಗೆ ಬರುತ್ತಾಳಲ್ಲ, ಹಾವೇರಿಯ ಹಜರತಅಲಿ ಚಾಚಾನ ತಮ್ಮನ ಮಗನಿಗೆ ಮಾತಾಗಿತ್ತಲ್ಲ, ಎಂದು ರಹಿಮತಬಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ತಿಂಗಳುಗಟ್ಟಲೆ ಅವನು ಹೆಂಡತಿಯ ಮುಂದೂ ಬಾಯಿ ಬಿಡದೆ ಕಾಪಾಡಿಕೊಂಡು ಬಂದ ಹೆಸರನ್ನು ಅವಳು ಒದ್ದೆ ಲುಂಗಿಯಂತೆ ಝಾಡಿಸಿ ತಂತಿಯ ಮೇಲೆ ಹಾಕಿದಳು. ಹಾವೇರಿಯಿಂದ ಬಂದಿದ್ದ ಅವಳ ಚಿಕ್ಕಮ್ಮ ಹೇಳಿ ಹೋದಳಂತೆ. ಹಜರತಅಲಿ ರಾಣೆಬೆನ್ನೂರಿಗೆ ಹೋಗಿ ಇವನನ್ನೇ ಕಂಡು ವಿಚಾರಿಸಿದನಂತೆ, ಇವನ ಮಾತು ಕೇಳಿದ ಮೇಲೆ ಬಿಟ್ಟರಂತೆ.

"ನೀವು ಏನ್ ಹೇಳಿದ್ರಿ?"

"ಏನೂ ಹೇಳಲಿಲ್ಲ."

"ಹೆಣ್ಣಿನ ಮಾತಿನ್ಯಾಗ ಏನೂ ಹೇಳಲಿಲ್ಲಂದ್ರ ಎಲ್ಲಾ ಹೇಳ್ದಂಗ ಆತಲ್ರಿ" ಎಂದಳು ರಹಿಮತಬಿ. ಬೈಯುವ ದನಿಯಲ್ಲಿ ಅಲ್ಲ. ಉಪ್ಪು ಕಡಿಮೆಯಾಗಿದೆ ಎನ್ನುವ ದನಿಯಲ್ಲಿ.

ಅರ್ಧ ಗಡ್ಡ ಹಾಗೇ ಉಳಿಯಿತು. ಅವನಿಗೆ ಗೊತ್ತಿಲ್ಲದ ಮಾತೇನಲ್ಲ ಅದು, ಅದೇ ಸಂಕಟ. ಈ ಸೀಮೆಯಲ್ಲಿ ಹೆಣ್ಣು ತರುವ ಮುಂಚೆ ನಾಲ್ಕು ಕಡೆ ವಿಚಾರಿಸುವುದು ಪದ್ಧತಿ. ಕೇಳುವವನು ಬಾಯಿ ತುಂಬ ಕೇಳುವುದಿಲ್ಲ, 'ಮಂದಿ ಹೆಂಗರಿ' ಎನ್ನುತ್ತಾನೆ. ಒಳ್ಳೆಯದಿದ್ದರೆ ಹೇಳುವವನು 'ಆಕಳಂಥಾ ಹುಡುಗಿ, ಕಣ್ಣು ಮುಚ್ಚಿ ಮಾಡ್ಕೋರಿ' ಎನ್ನುತ್ತಾನೆ. ಕೆಟ್ಟದ್ದನ್ನು ಯಾರೂ ಬಾಯಿಂದ ಆಡುವುದಿಲ್ಲ, ಹೆಣ್ಣಿನ ಶಾಪ ತಟ್ಟೀತೆಂಬ ಅಂಜಿಕೆ. 'ನನಗಷ್ಟು ತಿಳೀದುರಿ, ಇನ್ನೊಂದು ಕಡೆ ಕೇಳ್ರಿ' ಎಂದು ಚಹಾ ಹೀರಿದರೆ ಮುಗಿಯಿತು. ತನ್ನೂರು ಕರ್ಜಗಿಯ ಕಟ್ಟೆಯ ಮೇಲೆ ಅವನ ಅಪ್ಪ ಒಮ್ಮೆ ಹಾಗೆಂದದ್ದು, ಕೇಳಲು ಬಂದವರು ಬಶಿಯಲ್ಲಿ ಚಹಾ ಬಿಟ್ಟು ಎದ್ದದ್ದು, ಅಪ್ಪನ ತೊಡೆಗೆ ಒರಗಿ ಕೂತಿದ್ದ ಇವನಿಗೆ ಇನ್ನೂ ನೆನಪಿದೆ. ಆ ಹುಡುಗಿ ಈಗಲೂ ಕರ್ಜಗಿಯಲ್ಲೇ ಇದ್ದಾಳೆ, ತಲೆ ನೆರೆತಿದೆ, ತಮ್ಮನ ಮಕ್ಕಳ ಕುಂಡಿ ತೊಳೆಯುತ್ತಾಳೆ. ಇವನು ಊರಿಗೆ ಹೋದಾಗಲೆಲ್ಲ, ಆರಾಮ ಅದೀಯೇನಪಾ ಎಂದು ಕೇಳುತ್ತಾಳೆ. ಇದನ್ನೆಲ್ಲ ಉಂಡು ಬೆಳೆದವನು, ಧಾರವಾಡಕ್ಕೆ ಹೋಗಿ ನಾಲ್ಕಕ್ಷರ ಕಲಿತ ಮಾತ್ರಕ್ಕೆ ಮರೆತೆನೇ? ಅಥವಾ ಮರೆಯಲಿಲ್ಲವೇ? ಎರಡನೆಯದನ್ನು ಅವನು ಪೂರ್ತಿ ಕೇಳಿಕೊಳ್ಳಲಿಲ್ಲ. ಮುಖಕ್ಕೆ ನೀರು ಸೋಕಿಸಿಕೊಂಡು, ಅಂಗಿ ತೊಟ್ಟು, ಹಾವೇರಿಗೆ ಹೋಗಿ ಬರುತ್ತೇನೆ ಎಂದ. ಈಗ ಹೋಗಿ ಏನು ಹೇಳುತ್ತೀರಿ ಎಂದು ರಹಿಮತಬಿ ಕೇಳುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೊರಬಿದ್ದಿದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಾಲ ಕೆಳಗೆ ಯಾರದೋ ಮೆಣಸಿನಕಾಯಿ ಚೀಲ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿಯ ಮಾಳಿಗೆಯ ಮೇಲೆ ಒಂದು ಟ್ರಸ್ಟಿನವರು ನಡೆಸುವ ಸಲಹಾ ಕೇಂದ್ರದಲ್ಲಿ ಅವನು ಸಲಹೆಗಾರ. ಗಂಡ ಹೆಂಡಿರ ಜಗಳ, ಕುಡಿತ, ಮಕ್ಕಳಾಗದವರ ಕೊರಗು, ನಿದ್ದೆ ಬಾರದವರು, ಸುಮ್ಮನೆ ಅಳುವವರು, ಎಲ್ಲ ಅಲ್ಲಿಗೆ ಬರುತ್ತಾರೆ. ಬಂದವರ ಮಾತು ನಿಮ್ಮದಲ್ಲ, ಬಂದವರ ರೋಗ ನಿಮ್ಮದಲ್ಲ, ಅವರು ಬಂದಿದ್ದರೆಂಬ ಸುದ್ದಿಯೂ ನಿಮ್ಮದಲ್ಲ ಎಂದು ಧಾರವಾಡದಲ್ಲಿ ಮಾಸ್ತರರು ಮೊದಲ ದಿನವೇ ಹೇಳಿಕೊಟ್ಟಿದ್ದರು. ಅದನ್ನು ಅವನು ನಮಾಜಿನಷ್ಟು ಶ್ರದ್ಧೆಯಿಂದ, ಖರೇ ಹೇಳಬೇಕೆಂದರೆ ನಮಾಜಿಗಿಂತ ಹೆಚ್ಚಿನ ಶ್ರದ್ಧೆಯಿಂದ ನಡೆಸಿಕೊಂಡು ಬಂದಿದ್ದ. ಆದರೆ ಕೋಣೆಗೆ ಬಾಗಿಲಿದೆ, ಮೆಟ್ಟಿಲಿಗೆ ಬಾಗಿಲು ಎಲ್ಲಿಂದ ಬರಬೇಕು? ಎದುರಿಗೇ ಚಹಾದಂಗಡಿ. ಯಾರು ಹತ್ತಿದರು, ಯಾರು ಇಳಿದರು, ಇಳಿಯುವಾಗ ಸೆರಗಿನಿಂದ ಕಣ್ಣೊರೆಸಿಕೊಂಡರೋ ಇಲ್ಲವೋ, ಎಲ್ಲ ಅಲ್ಲಿ ಕೂತವರ ಲೆಕ್ಕದಲ್ಲಿ. ಒಳಗಿನ ಮಾತು ಮಾತ್ರ ಅವನದು, ಮೆಟ್ಟಿಲು ಊರಿನದು.

ಬಂದವರಿಗೆ ಧೈರ್ಯ ಬರಲಿ ಎಂದು ಬಾಗಿಲ ಮೇಲೆ ಒಂದು ಬೋರ್ಡು ಬರೆಸಿದ್ದ: 'ಇಲ್ಲಿ ಆಡಿದ ಮಾತು ಗುಪ್ತವಾಗಿರುತ್ತದೆ'. ಬರೆದವನು ಸ್ಟೇಷನ್ ರಸ್ತೆಯ ಗೋಡೆಗಳ ಮೇಲೆಲ್ಲ ಗುಪ್ತರೋಗದ ಡಾಕ್ಟರುಗಳ ಜಾಹೀರಾತು ಬರೆಯುವ ಪೇಂಟರು. ಉಳಿದ ಅಕ್ಷರ ಕಪ್ಪಗೆ, ಸಣ್ಣಗೆ ಬರೆದು, 'ಗುಪ್ತ' ಎಂಬುದನ್ನು ಮಾತ್ರ ಕೆಂಪಗೆ, ಬಾಲ ತಿರುವಿ, ದಪ್ಪಗೆ ಬರೆದುಬಿಟ್ಟಿದ್ದ. ಕೈ ಕೂತುಬಿಟ್ಟೈತ್ರಿ ಎಂದು ಹಲ್ಲು ಕಿರಿದಿದ್ದ. ಆಮೇಲೆ ಸಂಜೆಯಾಗುತ್ತಲೂ ಮುಖಕ್ಕೆ ಟವೆಲು ಸುತ್ತಿಕೊಂಡ ಗಂಡಸರು ಒಬ್ಬೊಬ್ಬರೇ ಮೆಟ್ಟಿಲೇರಿ, ಗುಪ್ತಕ್ಕ ಔಷಧ ಇಲ್ಲೇ ಕೊಡ್ತಾರೇನ್ರಿ ಎಂದು ಪಿಸುಗುಡುವುದು, ಕಸ ಹೊಡೆಯುವ ಗುತ್ತೆವ್ವ ಕಸಬರಿಗೆ ಹಿಡಿದೇ ಅವರನ್ನು ಕೆಳಗಿಳಿಸುವುದು ನಡೆದೇ ಇತ್ತು. ಇದನ್ನು ಅಲ್ಲಾವುದ್ದೀನ ಗೆಳೆಯರಿಗೆ ಅಭಿನಯ ಮಾಡಿ ಹೇಳಿ ನಗಿಸಿದ್ದಾನೆ. ಟವೆಲು ಸುತ್ತಿಕೊಂಡು ತೋರಿಸಿದ್ದಾನೆ. ಆ ಊರಿನಲ್ಲಿ ಆ ಶಬ್ದಕ್ಕೆ ಒಂದೇ ಅರ್ಥ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತಾಗ ಒಬ್ಬ ಮುದುಕಿ ಹತ್ತಿ, ಸರೀಯಪ್ಪಾ ಎಂದು ಅವನ ಪಕ್ಕ ಕೂತಳು. ಅವನು ಸರಿದ.

ಹೋದ ವಾರ ಹಜರತಅಲಿ ಏದುಸಿರು ಬಿಡುತ್ತ ಆ ಮೆಟ್ಟಿಲು ಹತ್ತಿ ಬಂದಾಗ ಅಲ್ಲಾವುದ್ದೀನನಿಗೆ ಆದದ್ದು ಭಯವೂ ಅಲ್ಲ, ಗೌರವವೂ ಅಲ್ಲ. ಒಂದು ಥರದ ಹಬ್ಬ. ಹಾವೇರಿಯಲ್ಲಿ ಉಕ್ಕಿನ ಕಪಾಟು ಮಾಡಿಸಿ ಮಾರುವ ಈ ಮನುಷ್ಯ ದೂರದ ಬಳಗ. ಮಸೀದಿ ಕಮಿಟಿಯಲ್ಲಿ ಅವನ ಮಾತೇ ಮಾತು. ಹಿಂದೊಮ್ಮೆ ಅಪ್ಪ ಇವನ ಓದಿಗೆ ಸ್ವಲ್ಪ ಸಹಾಯ ಕೇಳಲು ಕರೆದುಕೊಂಡು ಹೋದಾಗ, ಇಬ್ಬರನ್ನೂ ಹೊಸಿಲ ಆಚೆಗೇ ನಿಲ್ಲಿಸಿ ಮಾತಾಡಿ ಕಳಿಸಿದ್ದ. ಅಪ್ಪ ಟೋಪಿ ಕೈಯಲ್ಲಿ ಹಿಡಿದುಕೊಂಡಿದ್ದ. ಅಂಥವನು ಈಗ ಬಂದವರು ಕೂರುವ ಖುರ್ಚಿಯಲ್ಲಿ ಕೂತು, ಬೆವರೊರೆಸಿಕೊಂಡು, ಬೇಟಾ ಎಂದು ಉರ್ದುವಿನಲ್ಲಿ ಶುರು ಮಾಡಿದ. ಆ ಹುಡುಗಿ ನಿನ್ನ ಹತ್ತಿರ ಬರುತ್ತಾಳೆ, ಅವಳ ಆರೋಗ್ಯ ಹೇಗಿದೆ, ನಾಳೆ ನಮ್ಮ ಮನೆ ತುಂಬುವವಳು, ನೀನು ಮನೆಯ ಹುಡುಗ, ಹೇಳು ಎಂದ. ಮನೆಮಾತು ಉರ್ದು. ಅದರಲ್ಲೇ ಅಮಾನತ್ ಎಂದಿದ್ದರೆ ಸಾಕಿತ್ತು. ನಂಬಿ ಇಟ್ಟು ಹೋದದ್ದು, ಮುಟ್ಟಬಾರದ್ದು. ಯಾವ ಮುದುಕನೂ ಆ ಮಾತಿಗೆ ತಲೆಬಾಗುತ್ತಾನೆ. ಆದರೆ ಮಾಸ್ತರರು ಕಲಿಸಿದ್ದೂ ಬೋರ್ಡಿನ ಮೇಲಿದ್ದದ್ದೂ ಬೇರೆ ಶಬ್ದ, ಮತ್ತು ಈ ಮನುಷ್ಯನಿಗೆ ಆಫೀಸಿನ ಕನ್ನಡದಲ್ಲೇ ಉತ್ತರ ಕೊಡಬೇಕು, ತಾನು ಖುರ್ಚಿಯಲ್ಲಿ ಕೂತವನು ಎಂಬುದು ತಿಳಿಯಬೇಕು ಎಂಬ ಒಂದು ಸಣ್ಣ ತುರಿಕೆ. ಹಿಂದಕ್ಕೆ ಒರಗಿ, ನಿಧಾನವಾಗಿ ಹೇಳಿದ.

"ಆಕೀ ಆರೋಗ್ಯದ ವಿಷಯ ಗುಪ್ತ ಐತ್ರಿ, ಚಾಚಾ. ನಾ ಹೇಳಾಕ ಬರೂದಿಲ್ಲ."

ಹಜರತಅಲಿಯ ಕಣ್ಣು ಕೆಳಗಾದವು. ಎದ್ದು, ಮೇಜಿನ ಮೇಲಿಂದ ಬಾಗಿ, ಇವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಅದುಮಿದ. ಎಂಥ ತತ್ವ, ಎಂಥ ಮರ್ಯಾದೆ ಎಂದು ಮೆಚ್ಚಿ ಹೀಗೆ ಅದುಮಿದ ಎಂದುಕೊಂಡು ಅಲ್ಲಾವುದ್ದೀನ ಸಂಜೆಯವರೆಗೂ ಆ ಕೈಯನ್ನು ನೋಡಿ ನೋಡಿ ಸಂತೋಷಪಟ್ಟಿದ್ದ. ಥೂ ಎಂದು ಈಗ ಬಸ್ಸಿನಲ್ಲಿ ಬಾಯಿಂದಲೇ ಬಂದಿತು. ಮುದುಕಿ ತಿರುಗಿ ನೋಡಿದಳು. ಘಾಟು ಎಂದ.

ಕುಲ್ಸುಮಬಿಗೆ ಇದ್ದದ್ದಾದರೂ ಏನು? ಅಪ್ಪ ಸತ್ತ ಮೇಲೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಬೀಜದ ಕಂಪನಿಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಅವಳದು. ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದು ಗಿಡದ ಹೂವಿಗೆ ಕೈಯಿಂದ ಮುಟ್ಟಿಸುತ್ತ ಸಾಲು ಸಾಲು ನಡೆಯುವುದು. ಹಾಗೆ ಮುಟ್ಟಿಸುವಾಗಲೇ ಕಣ್ಣು ಕತ್ತಲೆ ಬಂದು ಬಿದ್ದಳಂತೆ. ಜೊತೆಯ ಹೆಂಗಸರು ಇಲ್ಲಿಗೆ ಕಳಿಸಿದ್ದರು. ಮೊದಮೊದಲು ಬರೀ ಬೆರಳು ನೋಡಿಕೊಂಡು ಕೂತು ಎದ್ದು ಹೋಗುತ್ತಿದ್ದಳು. ಆಮೇಲೆ ಒಂದು ದಿನ, ಯಾರಿಗೂ ಹೇಳುವುದಿಲ್ಲವಷ್ಟೆ ಎಂದು ಎರಡು ಸಲ ಕೇಳಿ, ಹೇಳಿದಳು: ಮೇಡ್ಲೇರಿಯಲ್ಲಿ ಬಟ್ಟೆ ಒಗೆಯಲು ತುಂಗಭದ್ರೆಗೆ ಹೋದವಳು, ಒಗೆದು ಮುಗಿದ ಮೇಲೂ ಮೊಣಕಾಲುಮಟ್ಟ ನೀರಿನಲ್ಲಿ ನಿಂತೇ ಇದ್ದಳಂತೆ. ಮುಂದಕ್ಕೆ ಹೋದರಾಯಿತು ಅನ್ನಿಸಿತಂತೆ. ಯಾಕೆ ಹೋಗಲಿಲ್ಲ ಎಂದು ಅವನು ಮೆಲ್ಲಗೆ ಕೇಳಿದ್ದಕ್ಕೆ, ತಂಗಿ ಜೈತೂನಳ ಲಂಗ ಅದರಲ್ಲಿತ್ತು, ಒಣಗಿಸಬೇಕಿತ್ತು ಎಂದಿದ್ದಳು. ಹೇಳಿದ ಮೇಲೆ ಅವಳು ಚೇತರಿಸಿಕೊಂಡಳು. ನಿದ್ದೆ ಬರತೊಡಗಿತು. ಸಂಬಂಧ ಬಂದಿದೆ ಎಂದು ಹೇಳುವಾಗ ನಾಚಿಕೊಂಡು ನಕ್ಕಿದ್ದಳು. ಅವಳು ನಕ್ಕಿದ್ದನ್ನು ಅವನು ಮೊದಲ ಸಲ ನೋಡಿದ್ದು ಆಗಲೇ. ತನ್ನ ಕೆಲಸ ಸಾರ್ಥಕ ಎಂದು ಅವನಿಗೆ ಯಾವತ್ತಾದರೂ ಅನ್ನಿಸಿದ್ದರೆ ಅವತ್ತು. ಈ ಮದುವೆ ಆಗಬೇಕು. ಅದೊಂದು ಆಗಬೇಕು. ಹೇಗಾದರೂ ಹಜರತಅಲಿಯ ಕಾಲು ಹಿಡಿದಾದರೂ.

ಹಾವೇರಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಪಾಟಿನ ಕಾರಖಾನೆ. ಉಕ್ಕಿನ ತಗಡಿನ ಮೇಲೆ ಸುತ್ತಿಗೆ ಬೀಳುವ ಸದ್ದಿಗೆ ಓಣಿಯ ತಿರುವಿನಲ್ಲೇ ಹಲ್ಲು ಕಿರುಗುಟ್ಟುತ್ತವೆ. ಮದುವೆಗೆ ಕೊಡುವ ಕಪಾಟುಗಳು, ನಿಲುವುಗನ್ನಡಿ ಹಚ್ಚಿದವು, ಗೋಡೆಗುಂಟ ನಿಂತಿದ್ದವು. ಒಳಗೆ ಕಾಲಿಟ್ಟರೆ ಎಲ್ಲ ಕನ್ನಡಿಗಳಲ್ಲೂ ಅರ್ಧ ಗಡ್ಡ ಹೆರೆದ ಒಬ್ಬ ಮನುಷ್ಯ. ಹಾಗೇ ಹೊರಟು ಬಂದದ್ದು ಅವನಿಗೆ ಗೊತ್ತಾದದ್ದು ಆಗ. ಹಜರತಅಲಿ ಈ ಸಲ ಹೊಸಿಲ ಆಚೆ ನಿಲ್ಲಿಸಲಿಲ್ಲ. ಎದ್ದು ಬಂದು, ತೋಳು ಹಿಡಿದು, ತನ್ನ ಪಕ್ಕದ ಖುರ್ಚಿಯಲ್ಲೇ ಕೂರಿಸಿ, ಚಹಾ ತರಿಸಿದ. ನಮ್ಮ ಮನೆ ಉಳಿಸಿದೆ ಎಂದ. ನಿನ್ನಪ್ಪ ಒಳ್ಳೆಯ ಮನುಷ್ಯ ಎಂದ. ಎಷ್ಟೋ ವರ್ಷದಿಂದ ಕಾದಿದ್ದ ಮರ್ಯಾದೆ ಅದು.

ಆ ಹುಡುಗಿಗೆ ಏನೂ ಇಲ್ಲ ಎಂದು ಅಲ್ಲಾವುದ್ದೀನ ಹೇಳಿದ. ಸುತ್ತಿಗೆಯ ಸದ್ದಿನಲ್ಲಿ ಹಜರತಅಲಿಗೆ ಕೇಳಿಸಲಿಲ್ಲ, ಕಿವಿಗೆ ಅಂಗೈ ಹಿಡಿದ. ಇವನು ಇನ್ನೊಮ್ಮೆ ಕೂಗಿ ಹೇಳಿದ. ಏನೋ ಜಗಳವೆಂದು ತಿಳಿದ ಕೆಲಸಗಾರರು ಸುತ್ತಿಗೆ ನಿಲ್ಲಿಸಿದರು. ನಿಂತದ್ದು ನಿಂತೇ ಇತ್ತು.

"ಆಕೀಗೆ ಏನೂ ಆಗಿಲ್ಲ್ರಿ, ಚಾಚಾ. ನಿದ್ದಿ ಬರ್ತಿರಲಿಲ್ಲ, ಅಷ್ಟ. ಅಪ್ಪ ಸತ್ತಿದ್ದ, ಅದಕ್ಕ."

ಹೇಳಿಬಿಟ್ಟೆ ಎಂದುಕೊಂಡ. ಇಷ್ಟು ವರ್ಷ ಕಾಪಾಡಿದ ವ್ರತ ಇಷ್ಟೇ ಸಲೀಸಾಗಿ ಬಾಯಿಂದ ಜಾರಿತು, ಉಗುಳಿನಂತೆ. ಇರಲಿ, ಅವಳಿಗೆ ಒಳ್ಳೆಯದಾದರೆ ಸಾಕು. ಆದರೆ ಹಜರತಅಲಿಯ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಅದು ನಮಗ ಗೊತ್ತಿತ್ತು" ಎಂದ. "ನೋಡಾಕ ಹೋದಾಗ ಆಕೀನ ಹೇಳಿದ್ಲು. ನನಗ ನಿದ್ದಿ ಬರ್ತಿರಲಿಲ್ಲ, ರಾಣೆಬೆನ್ನೂರಾಗ ಸಲಹಾ ಆಫೀಸಿಗೆ ಹೋಗ್ತೇನಿ, ಈಗ ಆರಾಮ ಅದೇನಿ, ಮುಚ್ಚಿಟ್ಟು ಬರಾಕ ಒಲ್ಲೆ ಅಂತ. ನಮ್ಮ ಹೆಣಮಕ್ಕಳು ನಕ್ಕರು, ಲಗ್ನ ಆದ ಮ್ಯಾಲೆ ಯಾರಿಗೆ ನಿದ್ದಿ ಅಂತ. ಅಷ್ಟಕ್ಕ ಬಿಡೂ ಮಂದಿ ಅಲ್ಲ ನಾವು. ಹುಡುಗಿ ಖರೇ ಅದಾಳ ಅಂತ ನನಗ ಬಾಳ ಹಿಡಿಸಿತ್ತು. ಅದನ್ನ ನಿನ್ನ ಬಾಯಿಲೆ ಒಮ್ಮೆ ಕೇಳೋಣಂತ ಬಂದಿದ್ದೆ."

"ಮತ್ತ್ಯಾಕ ಬಿಟ್ರಿ?"

ಹಜರತಅಲಿ ಕೆಲಸಗಾರರ ಕಡೆ ನೋಡಿ, ದನಿ ತಗ್ಗಿಸಿ, ಹುಡುಗನಿಗೆ ಹೇಳುವಂತೆ ಹೇಳಿದ. "ಗುಪ್ತ ಐತಿ ಅಂತ ನೀನ ಹೇಳಿದೆಲ್ಲೋ."

ಆಮೇಲೆ ಅಲ್ಲಾವುದ್ದೀನ ಬಹಳ ಮಾತಾಡಿದ. ಗುಪ್ತವೆಂದರೆ ಅದಲ್ಲ, ಅಮಾನತ್ ಎಂದು ಅರ್ಥ, ನಮ್ಮ ಕೆಲಸದಲ್ಲಿ ಎಲ್ಲರ ವಿಷಯವೂ ಹಾಗೇ, ನೆಗಡಿಯಾಗಿ ಬಂದರೂ ಹಾಗೇ ಎನ್ನಬೇಕು, ಬೋರ್ಡಿನ ಮೇಲೆ ಬರೆದಿದೆ, ಬೇಕಾದರೆ ಬಂದು ನೋಡಿ. ಬೋರ್ಡನ್ನು ನಾನೂ ನೋಡಿದೆ, ಕೆಂಪಗೆ ಬರೆದಿದೆ ಎಂದ ಹಜರತಅಲಿ. ಎಲ್ಲಕ್ಕೂ ಸೈರಣೆಯಿಂದ ತಲೆಯಾಡಿಸಿದ. ಆ ಸೈರಣೆ ಅಲ್ಲಾವುದ್ದೀನನಿಗೆ ಪರಿಚಯದ್ದೇ. ಸುಳ್ಳು ಹೇಳುತ್ತಿರುವ ಕುಡುಕರ ಮುಂದೆ ಅವನೇ ದಿನಾಲು ಹಾಗೆ ತಲೆಯಾಡಿಸುತ್ತಾನೆ. ಹುಡುಗಿಯ ತಾಯಿ ಮಕ್ತುಮಬಿ ಬಂದು ನಿನ್ನ ಮುಂದೆ ಸೆರಗೊಡ್ಡಿರಬೇಕು, ನಿನ್ನ ಮನಸ್ಸು ಕರಗಿದೆ, ಅದು ತಪ್ಪಲ್ಲ, ಆದರೆ ಮೊದಲು ಆಡಿದ ಮಾತೇ ಮಾತು, ಎಂದ. ಹಾಗಾದರೆ ಹೇಗೆ ನಂಬಿಸಲಿ? ಈ ಮುದುಕನ ಎದೆಗೆ ನಾಟುವಂಥದ್ದು ಏನಿದೆ ನನ್ನ ಹತ್ತಿರ? ಇದ್ದದ್ದು ಒಂದೇ. ಮುಳುಗುವವನು ಕೈಗೆ ಸಿಕ್ಕದ್ದನ್ನು ಹಿಡಿಯುವಂತೆ ಅದನ್ನೇ ಹಿಡಿದ. ಅವಳ ದುಃಖ ಎಂಥದಿತ್ತೆಂದರೆ ಚಾಚಾ, ಎಂದು ಶುರು ಮಾಡಿ, ತುಂಗಭದ್ರೆ, ಮೊಣಕಾಲುಮಟ್ಟ ನೀರು, ತಂಗಿಯ ಲಂಗ, ಎಲ್ಲವನ್ನೂ ಹೇಳಿದ. ಇಂಥ ಹುಡುಗಿ ಚಾಚಾ, ತಂಗಿಯ ಲಂಗ ಒಣಗಿಸಬೇಕೆಂದು ಬದುಕಿದವಳು, ಇಂಥವಳ ಮೇಲೆ ಅಂಥದ್ದನ್ನು ಹೊರಿಸುತ್ತೀರಾ ಎಂದ. ಸುತ್ತಿಗೆ ಹಿಡಿದವರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು.

ಹಜರತಅಲಿ ಗಡ್ಡ ನೇವರಿಸಿಕೊಂಡ.

"ಹಂಗಾರ ಆ ರೋಗದ ಜೋಡಿ ಇದೂ ಐತಿ" ಎಂದ.

ಹುಡುಗನಿಗೆ ಸವಣೂರಿನ ಕಡೆ ಮಾತಾಗಿದೆ, ಮುಂದಿನ ತಿಂಗಳು ನಿಕಾಹ್, ನೀನೂ ಹೆಂಡತಿಯನ್ನು ಕರೆದುಕೊಂಡು ಬರಬೇಕು ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟ. ಓಣಿಯ ತಿರುವು ದಾಟುವಾಗ ಸುತ್ತಿಗೆಗಳು ಮತ್ತೆ ಶುರುವಾದವು. ಅದಕ್ಕೆ ಮುಂಚೆ ಒಳಗೆ ಯಾರೋ ಏನೋ ಹೇಳಿದ್ದು, ಇನ್ನೊಬ್ಬ ನಕ್ಕದ್ದು ಕೇಳಿಸಿತು. ತನ್ನ ಬಗ್ಗೆಯೇ ಇರಲಿ, ಅವಳ ಬಗ್ಗೆ ಬೇಡ ಎಂದುಕೊಂಡ. ಅವಳ ಬಗ್ಗೆಯೇ ಎಂಬುದು ಅವನಿಗೆ ಗೊತ್ತಿತ್ತು.

ರಾಣೆಬೆನ್ನೂರಿನ ಬಸ್ಸಿನಲ್ಲಿ ನಿಂತೇ ಬರಬೇಕಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ. ಆಡದೆ ಕೆಡಿಸಿದವನಿಗೆ, ಆಮೇಲೆ ಆಡಿಯೂ ಕೆಡಿಸಿದವನಿಗೆ ಯಾವ ಗಾದೆಯೂ ಇಲ್ಲ. ಅವಳು ತಾನಾಗಿಯೇ ಹೇಳಿದ್ದು ಒಂದು ಹಿಡಿಯಷ್ಟಿತ್ತು, ಅವರು ಅದನ್ನು ನೋಡಿ ನಕ್ಕು ಒಪ್ಪಿದ್ದರು. ತಾನು ಹೇಳದೆ ಮುಚ್ಚಿಟ್ಟದ್ದನ್ನು ಅವರು ಅಳೆಯಲಾರದೆ, ಅದಕ್ಕೆ ಊರಿನ ಅತಿ ಕೊಳಕು ಹೆಸರಿಟ್ಟರು. ಆ ಹೆಸರನ್ನೂ ತಾನೇ ಕೊಟ್ಟಿದ್ದೆ. ಯಾಕೆ? ಮತ್ತೆ ಬೆಳಗಿನ ಪ್ರಶ್ನೆ, ಈ ಸಲ ಪೂರ್ತಿ ಬಂದು ಎದುರಿಗೆ ನಿಂತಿತು. ಆ ಮುದುಕ ಕೇಳುತ್ತಿದ್ದಾನೆ, ನನ್ನ ಹತ್ತಿರ ಇದೆ, ಕೊಡುವುದಿಲ್ಲ: ಇಷ್ಟೇ ಅಲ್ಲವೇ ಅವತ್ತಿನ ತತ್ವ? ಹೊಸಿಲ ಆಚೆ ಟೋಪಿ ಹಿಡಿದು ನಿಂತ ಅಪ್ಪನಿಗಾಗಿ, ಏನೂ ಅರಿಯದ ಒಂದು ಹುಡುಗಿಯ ಬಾ‌ಳನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದು ತೋರಿಸಿದ್ದೆ. ಅಮಾನತ್, ಅಮಾನತ್ ಎಂದು ಬಸ್ಸಿನ ಗಾಲಿಯ ಸದ್ದಿಗೆ ಹೇಳಿಕೊಂಡ. ಕನ್ನಡದ ಕಚೇರಿಗಳಲ್ಲಿ ಅದಕ್ಕೆ ಕೆಲಸದಿಂದ ತೆಗೆದು ಕೂರಿಸುವುದೆಂದು ಅರ್ಥ. ಅದಾದರೂ ಆಗಲಿ, ಯಾರಾದರೂ ಮಾಡಲಿ ಅನ್ನಿಸಿತು. ಮಾಡುವವರು ಯಾರೂ ಇರಲಿಲ್ಲ. ತಿಂಗಳ ಮೀಟಿಂಗಿನಲ್ಲಿ ಟ್ರಸ್ಟಿನವರು ಅವನನ್ನು ಹೊಗಳುತ್ತಲೇ ಇದ್ದರು.

ಮೆಟ್ಟಿಲ ಮೇಲೆಯೇ ಗುತ್ತೆವ್ವ ತಡೆದಳು. ಮೇಡ್ಲೇರಿ ಹುಡುಗಿ ಮುಂಜಾನೆಯಿಂದ ಬಂದು ಕೂತಿದೆ, ಖುರ್ಚಿಯ ಮೇಲೆ ಕೂರು ಎಂದರೆ ಒಲ್ಲೆ ಅನ್ನುತ್ತದೆ, ಏನಾಗಿದೆಯೋ ಏನೋ ಎಂದಳು. ಕುಲ್ಸುಮಬಿ ಕೋಣೆಯ ಮೂಲೆಯಲ್ಲಿ, ಚಾಪೆಯನ್ನೂ ಬಿಟ್ಟು, ಬರೀ ನೆಲದ ಮೇಲೆ ಕೂತಿದ್ದಳು. ಅವನನ್ನು ಕಂಡು ಎದ್ದು ನಿಂತಳು. ಬೈಯುತ್ತಾಳೆ, ಬೈಯಲಿ, ಕಾಲಲ್ಲಿದ್ದದ್ದನ್ನು ಕೈಗೆ ತೆಗೆದುಕೊಳ್ಳಲಿ ಎಂದು ಅವನು ಬಾಗಿಲು ಹಾಕಿಕೊಂಡು ಕಾದ. ಅವಳು ಬೈಯಲಿಲ್ಲ. ಮುಖ ನಿದ್ದೆಗೆಟ್ಟು ಬಾತಿತ್ತು, ಮೊದಲ ದಿನ ಬಂದಾಗ ಇದ್ದ ಹಾಗೆ.

"ಸರ್, ಅದು ಮುಟ್ಟಿದ್ರ ಬರ್ತೈತೇನ್ರಿ?"

ಅವನಿಗೆ ಅರ್ಥವಾಗಲಿಲ್ಲ. ಅವಳು ನೆಲ ನೋಡುತ್ತಲೇ ಬಿಡಿಸಿ ಹೇಳಿದಳು. ಹಾವೇರಿಯವರು ಹೇಳಿ ಕಳಿಸಿದ್ದನ್ನು ಅವ್ವ ಕೇಳಿಸಿಕೊಂಡು ಬಂದು ಮೊದಲು ಹೊಡೆದಳಂತೆ, ಆಮೇಲೆ ಅತ್ತಳಂತೆ. ತಾನು ಯಾರ ಹತ್ತಿರವೂ ಹೋದವಳಲ್ಲ ಎಂದು ಇವಳು ಕುರಾನ್ ಮುಟ್ಟಿ ಹೇಳಿದಳಂತೆ. ಆ ರೋಗ ತನಗೆ ಹೇಗೆ ಬಂತೆಂದು ಯೋಚಿಸಿ ಯೋಚಿಸಿ ಸಾಕಾಗಿದೆಯಂತೆ. ಹೂವಿಗೆ ಹೂವು ಮುಟ್ಟಿಸುವ ಕೆಲಸದಿಂದ ಬರುತ್ತದೆಯೇ? ಹೊಲಕ್ಕೆ ಹೊಡೆಯುವ ಔಷಧದಿಂದಲೇ? ನದಿಯಲ್ಲಿ ಎಲ್ಲರ ಬಟ್ಟೆ ಒಗೆಯುವ ಕಡೆ ಒಗೆದದ್ದಕ್ಕೆ?

"ನಿನಗ ಏನೂ ಬಂದಿಲ್ಲ, ಕುಲ್ಸುಮ. ಏನಂದ್ರ ಏನೂ ಇಲ್ಲ."

"ಹಂಗಾರ ಅವತ್ತ ಅವರಿಗೆ ಯಾಕ ಹಂಗ ಅಂದ್ರಿ?"

ಅದು ನಮ್ಮ ಕೆಲಸದ ನಿಯಮ ಎಂದ. ಇಲ್ಲಿಗೆ ಬಂದವರ ವಿಷಯ ಯಾರಿಗೂ ಹೇಳುವ ಹಾಗಿಲ್ಲ, ಹೊರಗಿನವರು ಕೇಳಿದರೆ ಹಾಗೇ ಹೇಳಬೇಕು ಎಂದ. ಅವಳು ಗಮನವಿಟ್ಟು ಕೇಳಿದಳು. ಅವನ ಮಾತನ್ನು ಅವಳು ಯಾವಾಗಲೂ ಹಾಗೆಯೇ ಕೇಳುತ್ತಿದ್ದಳು.

"ಚಲೋ ಇದ್ದದ್ದನ್ನೂ ಮುಚ್ಚಿಡಬೇಕೇನ್ರಿ?"

ಅವನು ಬಾಯಿ ತೆರೆದ. ಧಾರವಾಡದಲ್ಲಿ ಕಲಿತ ಒಂದು ಉತ್ತರ ಇತ್ತು, ಉದ್ದನೆಯದು, ನಾಲಿಗೆಯ ತುದಿಯವರೆಗೂ ಬಂತು. ಅವಳ ಮುಖ ನೋಡಿ ಅದು ಅಲ್ಲೇ ಸತ್ತಿತು. ಅವಳು ತಾನೇ ಮೆಲ್ಲಗೆ ತಲೆಯಾಡಿಸಿದಳು. ನೀವು ಸುಳ್ಳು ಹೇಳುವವರಲ್ಲ, ಏನೋ ಕಂಡೇ ಅಂದಿರುತ್ತೀರಿ, ನನಗೆ ಹೇಳಿದರೆ ಮತ್ತೆ ನೀರಿಗೆ ಹೋದೇನು ಎಂದು ಹೇಳುತ್ತಿಲ್ಲ, ಅಷ್ಟು ನನಗೆ ತಿಳಿಯುತ್ತದೆ ಎಂದಳು. ಇಲ್ಲ, ಇಲ್ಲ ಎಂದು ಅವನು ಅಂದ. ಇನ್ನೊಮ್ಮೆ ಅಂದ. ದನಿ ಏರಿತು. ಎಷ್ಟು ಜೋರಾಗಿ ಅಂದರೆ ಅಷ್ಟು ಅವಳ ಕಣ್ಣಲ್ಲಿ ಅವನ ಬಗ್ಗೆ ಕನಿಕರ ಹೆಚ್ಚುತ್ತ ಹೋಯಿತು. ಡಾಕ್ಟರ ಹತ್ತಿರ ಹೋಗೋಣ, ರಕ್ತ ತಪಾಸಣೆ ಮಾಡಿಸೋಣ, ಕಾಗದದ ಮೇಲೆ ಬರೆದುಕೊಡುತ್ತಾರೆ ಎಂದ. ಆ ಡಾಕ್ಟರ ಮೆಟ್ಟಿಲು ಹತ್ತಿದರೆ ಇರುವ ಅಷ್ಟು ಹೆಸರೂ ಹೋಗುತ್ತದೆ, ಜೈತೂನಳಿಗೂ ನಾಳೆ ಗಂಡು ಬರಬೇಕಲ್ಲ ಎಂದಳು. ತಾಟು, ಲೋಟ, ಹಾಸಿಗೆ ಎಲ್ಲ ಬೇರೆ ಇಟ್ಟುಕೊಂಡಿದ್ದೇನೆ, ತಂಗಿಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಅದು ರಾತ್ರಿಯೆಲ್ಲ ಅಳುತ್ತದೆ, ಅಭ್ಯಾಸ ಆಗುತ್ತದೆ ಎಂದಳು.

"ನದೀ ಮಾತ ಒಂದ ನೀವು ಅವರಿಗೆ ಹೇಳಿಲ್ಲಲ್ರಿ" ಎಂದಳು. "ಅದರ ಉಪಕಾರ ಮರಿಯೂದಿಲ್ಲ. ಅವ್ವಗ ತಿಳಿದಿದ್ರ ಆಕಿ ಬದುಕ್ತಿರಲಿಲ್ಲ."

ಅವನು ಗೋಡೆಯ ಕಡೆ ತಿರುಗಿದ. ಈಗ ಹೇಳಬೇಕು, ಈಗಲಾದರೂ ಹೇಳಬೇಕು, ಹಾವೇರಿಯಿಂದ ಮೇಡ್ಲೇರಿಗೆ ಆ ಮಾತು ಬರಲು ಎಷ್ಟು ಹೊತ್ತು ಬೇಕು. ಹೇಳಲಿಲ್ಲ. ಬಾಯಿ ಬರಲಿಲ್ಲ ಎಂಬುದು ಅದಕ್ಕೆ ಅವನೇ ಕೊಟ್ಟುಕೊಂಡ ಹೆಸರು, ಹೆದರಿದ, ಅಷ್ಟೆ. ಹಿಂದಿನಿಂದ ಅವಳು ಬಿಕ್ಕಿದ್ದು ಕೇಳಿಸಿತು. ಕೆಮ್ಮು ಹತ್ತಿತು, ಬಿಡಲಿಲ್ಲ. ಅವನು ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ತಂದು ಅವಳ ಮುಂದೆ ಹಿಡಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಓಢಣಿಯನ್ನು ಹೆಗಲಿಗೆ ಸುತ್ತಿ, ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಬಾಯಿಗೆ ಹಚ್ಚಿಕೊಂಡಳು.

"ಲೋಟದಾಗ ಕುಡಿ, ಕುಲ್ಸುಮ."

"ಬ್ಯಾಡ್ರಿ ಸರ್. ನಿಮಗ ಹೆಂಡ್ರು ಮಕ್ಕಳು ಅದಾರ. ಮ್ಯಾಲಿಂದ ಹಾಕ್ರಿ."

ಅವನು ಬಗ್ಗಿ, ಅವಳ ಕೈಗೆ ತಾಗದಂತೆ ಮೇಲಿಂದ ನೀರು ಹಾಕಿದ.